ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಫ್ಲೂಯಿಡ್ ಮೌಂಟಿಂಗ್: ದ್ರವ, ಎತ್ತರ, ಗುಳ್ಳೆ

ನೆಗೆಟಿವ್‌ಪೆಟ್ಟಿಗೆ

ಸ್ಕ್ಯಾನರ್ ಎಪ್ಸನ್ ವಿ700. ಫಿಲ್ಮ್ ಹೆಚ್ಚಾಗಿ 120 ಅಳತೆಯ ಕಪ್ಪು-ಬಿಳುಪು ರೋಲ್, ಫ್ರೇಮ್ 6x6 ಸೆಂ.ಮೀ. ಜೊತೆಗೆ ಬಂದ ಹೋಲ್ಡರಿನಲ್ಲಿ ಫಿಲ್ಮ್ ನಡುವೆ ಬಾಗಿಕೊಳ್ಳುತ್ತದೆ. ಅಂಚು ಚೂಪಾಗಿ ಬಂದರೆ ನಡುಭಾಗ ಮಸುಕು, ನಡುಭಾಗ ಸರಿಯಿದ್ದರೆ ಅಂಚು ಹೋಯಿತು. ಗಾಜಿಗೆ ತಾಗಿಸಿ ಇಟ್ಟರೆ ನ್ಯೂಟನ್ ಉಂಗುರ, ಅಂದರೆ ಸುತ್ತುಸುತ್ತಾದ ಗೆರೆಗಳು. ಕೆಲವು ನೆಗೆಟಿವ್‌ಗಳ ಬೆನ್ನ ಮೇಲೆ ಉದ್ದುದ್ದ ಗೀರುಗಳೂ ಇವೆ. ಫ್ಲೂಯಿಡ್ ಮೌಂಟಿಂಗ್, ಅಂದರೆ ಫಿಲ್ಮನ್ನು ದ್ರವದ ತೆಳು ಪದರದಿಂದ ಗಾಜಿಗೆ ಅಂಟಿಸಿ ಸ್ಕ್ಯಾನ್ ಮಾಡುವುದು, ಇದಕ್ಕೆಲ್ಲ ಮದ್ದು ಅನ್ನುತ್ತಾರೆ.

ಕೇಳಬೇಕಾದ್ದು ಮೂರು: ಯಾವ ದ್ರವ ಹಾಕಬೇಕು? ಫಿಲ್ಮ್ ಗಾಜಿನ ಮೇಲಿರಬೇಕೋ ಕೆಳಗಿರಬೇಕೋ? ಪಡುವ ಪಾಡಿಗೆ ತಕ್ಕ ಫಲ ಇದೆಯೋ?

ಬೆಳ್ಳಿಕಣ

ಮೂರನೆಯದಕ್ಕೆ ಮೊದಲು. ಅದರ ಉತ್ತರ ಹಿಡಿಸದಿದ್ದರೆ ಉಳಿದೆರಡರ ಗೋಜೇ ಬೇಡ.

ದ್ರವ ಹಾಕಿದ ಮಾತ್ರಕ್ಕೆ ಲೆನ್ಸ್ ಚುರುಕಾಗುವುದಿಲ್ಲ. ವಿ700ರ ಡಬ್ಬದ ಮೇಲೆ 6400 ಡಿಪಿಐ ಎಂದಿದ್ದರೂ ಟೆಸ್ಟ್ ಚಾರ್ಟಿನಲ್ಲಿ ಬಿಡಿಸಿ ಕಾಣುವ ವಿವರ ಸುಮಾರು 2300 ಡಿಪಿಐಗೆ ನಿಲ್ಲುತ್ತದೆ. ಒದ್ದೆ ಮಾಡಿದರೂ ಆ ಮಿತಿ ಅಲ್ಲೇ. ಬದಲಾಗುವುದು ಮೂರು ಸಂಗತಿ.

ಒಂದು, ಫಿಲ್ಮ್ ಪೂರ್ತಿ ಚಪ್ಪಟೆಯಾಗುತ್ತದೆ. ಈ ಸ್ಕ್ಯಾನರುಗಳಲ್ಲಿ ಆಟೋಫೋಕಸ್ ಇಲ್ಲ, ಲೆನ್ಸ್ ಒಂದೇ ಎತ್ತರಕ್ಕೆ ಕೂತಿರುತ್ತದೆ. ಫಿಲ್ಮ್ ಅರ್ಧ ಮಿಲಿಮೀಟರ್ ಬಾಗಿದರೂ ಆ ಜಾಗ ಫೋಕಸ್ ತಪ್ಪುತ್ತದೆ. ನಿಮಗೆ ಆಗುತ್ತಿರುವುದು ಇದೇ.

ಎರಡು, ಬೇಸ್ ಬದಿಯ, ಅಂದರೆ ಫಿಲ್ಮಿನ ಹೊಳೆಯುವ ಪ್ಲಾಸ್ಟಿಕ್ ಬೆನ್ನಿನ ಗೀರು ಮಾಯವಾಗುತ್ತದೆ. ಗೀರು ಕಾಣಿಸುವುದು ಅಲ್ಲಿ ಬಣ್ಣ ಹೋಗಿದೆ ಅಂತಲ್ಲ, ಆ ಸಣ್ಣ ಕಾಲುವೆಯ ಗೋಡೆಗೆ ತಾಗಿ ಬೆಳಕು ಪಕ್ಕಕ್ಕೆ ಬಾಗುತ್ತದೆ ಅಂತ. ಟ್ರೈಅಸಿಟೇಟ್ ಬೇಸಿನ ವಕ್ರೀಭವನಾಂಕ ಸುಮಾರು 1.48, ಗಾಳಿಯದು 1. ಈ ಎರಡರ ಗಡಿಯಲ್ಲಿ ಬೆಳಕಿನ ಶೇ. 3.7ರಷ್ಟು ಪ್ರತಿಫಲಿಸುತ್ತದೆ. ಗೀರಿನೊಳಗೆ 1.42ರ ಆಸುಪಾಸಿನ ದ್ರವ ತುಂಬಿದರೆ ಆ ಪ್ರಮಾಣ ಶೇ. 0.05ಕ್ಕೂ ಕೆಳಗಿಳಿಯುತ್ತದೆ. ಬೆಳಕಿನ ಪಾಲಿಗೆ ಗೀರು ಇಲ್ಲವೇ ಇಲ್ಲ.

ಮೂರು, ನ್ಯೂಟನ್ ಉಂಗುರ ಹೋಗುತ್ತದೆ. ಉಂಗುರ ಹುಟ್ಟುವುದು ನಯವಾದ ಬೇಸಿಗೂ ಗಾಜಿಗೂ ನಡುವಿನ ತೆಳು ಗಾಳಿಯ ಪದರದಲ್ಲಿ. ಹಸಿರು ಬೆಳಕಿಗೆ ಆ ಪದರ ಸುಮಾರು 275 ನ್ಯಾನೋಮೀಟರ್ ದಪ್ಪವಾದಂತೆಲ್ಲ ಇನ್ನೊಂದು ಉಂಗುರ. ಗಾಳಿಯೇ ಇಲ್ಲದಿದ್ದರೆ ಉಂಗುರವೂ ಇಲ್ಲ.

ಎಮಲ್ಷನ್ ಬದಿಯ, ಅಂದರೆ ಚಿತ್ರವಿರುವ ಜೆಲಟಿನ್ ಪದರದ ಆಳದ ಗೀರು ಬೇರೆ ವಿಷಯ. ಅಲ್ಲಿ ಬೆಳ್ಳಿಯೇ ಕಿತ್ತುಹೋಗಿರುತ್ತದೆ. ದ್ರವ ಅದನ್ನು ತಂದು ಕೊಡುವುದಿಲ್ಲ. ಮೇಲ್ಮೈಯ ಸಣ್ಣ ಉಜ್ಜುಗಾಯ ಮಾತ್ರ ಮುಚ್ಚಿಹೋಗುತ್ತದೆ.

ಒಣಗಾಜು

ಬೆಳ್ಳಿಕಣ ಹೇಳಿದ ಮೂರರಲ್ಲಿ ಎರಡಕ್ಕೆ ದ್ರವ ಬೇಕಾಗಿಯೇ ಇಲ್ಲ. ಒಂದು ಮುಖ ಸಣ್ಣಗೆ ಒರಟಾಗಿ ಕೊರೆದ ಆಂಟಿ-ನ್ಯೂಟನ್ ಗಾಜಿನ ತುಂಡೊಂದನ್ನು ಹೋಲ್ಡರಿನಲ್ಲಿ ಫಿಲ್ಮಿನ ಮೇಲೆ ಇಟ್ಟರೆ ಫಿಲ್ಮ್ ಚಪ್ಪಟೆ, ಉಂಗುರವೂ ಇಲ್ಲ. ಕೊರೆದ ಮುಖ ಫಿಲ್ಮಿನ ಹೊಳೆಯುವ ಬದಿಗೆ ಬರಬೇಕು ಅಷ್ಟೇ. ಎಮಲ್ಷನ್ ಬದಿ ಮಂಕಾಗಿರುವುದರಿಂದ ಅಲ್ಲಿ ಉಂಗುರದ ಕಾಟ ಮೊದಲೇ ಕಡಿಮೆ. ಒಂದು ಫ್ರೇಮಿಗೆ ಒಂದು ನಿಮಿಷದ ಕೆಲಸ. ಒದ್ದೆ ವಿಧಾನದಲ್ಲಿ ಹಚ್ಚುವುದು, ಗುಳ್ಳೆ ಓಡಿಸುವುದು, ಒರೆಸುವುದು, ಒಣಗಿಸುವುದು ಸೇರಿ ಕಾಲು ಗಂಟೆಗೆ ಮೋಸವಿಲ್ಲ. ಇಡೀ ರೋಲ್ ಹಾಗೆ ಮಾಡುವುದು ಹುಚ್ಚು.

ಬೆಳ್ಳಿಕಣ

ಇಡೀ ರೋಲ್ ಮಾಡಿ ಎಂದು ನಾನೆಲ್ಲೂ ಹೇಳಲಿಲ್ಲ. ಆಯ್ದ ಫ್ರೇಮಿಗೆ, ದೊಡ್ಡ ಪ್ರಿಂಟಿಗೆ ಮಾತ್ರ. ಕಾಂಟ್ಯಾಕ್ಟ್ ಶೀಟಿನ ಕೆಲಸಕ್ಕೆ ನಿಮ್ಮ ಗಾಜೇ ಸರಿ.

ಆದರೂ ಆಂಟಿ-ನ್ಯೂಟನ್ ಗಾಜಿನ ಒರಟುತನಕ್ಕೂ ಒಂದು ಬೆಲೆ ಇದೆ. ಆಕಾಶದಂಥ ಸಮ ಬೂದುಬಣ್ಣದಲ್ಲಿ ಕೆಲವು ಗಾಜುಗಳ ಕೊರೆತವೇ ಚುಕ್ಕಿಚುಕ್ಕಿಯಾಗಿ ಮೂಡುತ್ತದೆ. ಗೀರಿನ ಮಟ್ಟಿಗಂತೂ ಒಣ ವಿಧಾನ ಏನೂ ಮಾಡಲಾರದು. ಇನ್ನೊಂದು ವಿಷಯವನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಫಿಲ್ಮ್-ಗಾಳಿ-ಗಾಜು ಎಂಬ ಗಡಿಗಳು ಕಡಿಮೆಯಾದಷ್ಟೂ ಅಡ್ಡಾದಿಡ್ಡಿ ಚೆದುರುವ ಬೆಳಕು ಕಡಿಮೆ. ಪ್ರಖರ ಭಾಗದ ಪಕ್ಕದಲ್ಲೇ ಗಾಢ ಭಾಗವಿರುವ ಸ್ಲೈಡ್ ಫಿಲ್ಮಿನಲ್ಲಿ ನೆರಳುಗಳು ಚೊಕ್ಕವಾಗುತ್ತವೆ.

ಜೆಲಟಿನ್

ದ್ರವದ ಪ್ರಶ್ನೆಗೆ ಬರುತ್ತೇನೆ. ಮೊದಲು ಹಾಕಬಾರದ್ದು ಯಾವುದು ನೋಡಿ.

ನೀರು ಬೇಡ. ಜೆಲಟಿನ್ ನೀರು ಕುಡಿದು ಉಬ್ಬುತ್ತದೆ, ಮೆತ್ತಗಾದ ಎಮಲ್ಷನ್ ಗಾಜಿಗೋ ಫಿಲ್ಮಿನ ಮೇಲೆ ಹೊದಿಸುವ ಮೈಲಾರ್ ಹಾಳೆಗೋ ಅಂಟಿ ಕಿತ್ತುಬರುತ್ತದೆ. ಗ್ಲಿಸರಿನ್‌ನ ವಕ್ರೀಭವನಾಂಕ 1.47, ಅಂಕಿ ನೋಡಿದರೆ ಆಸೆಯಾಗುತ್ತದೆ. ಆದರೆ ಅದು ಆರುವುದೇ ಇಲ್ಲ, ತೊಳೆಯಲು ನೀರೇ ಬೇಕು. ಅಸಿಟೋನ್ ಟ್ರೈಅಸಿಟೇಟ್ ಬೇಸನ್ನೇ ಹಾಳುಮಾಡುತ್ತದೆ. ಔಷಧಿ ಅಂಗಡಿಯ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಉಳಿದ ಶೇ. 30 ನೀರು, ಅದೂ ಬೇಡ. ಅಡುಗೆ ಎಣ್ಣೆ, ಬೇಬಿ ಆಯಿಲ್ ಬಳಸಿ ಎಂಬ ಸಲಹೆಗಳೂ ಓಡಾಡುತ್ತವೆ. ಎಣ್ಣೆ ಆರುವುದಿಲ್ಲ, ಫಿಲ್ಮಿನ ಮೇಲೆ ಜಿಡ್ಡಾಗಿ ಉಳಿದು ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ಹಾಕಬಹುದಾದ್ದು:

ಸ್ಕ್ಯಾನಿಂಗ್‌ಗೆಂದೇ ಮಾರುವ ಕಾಮಿ, ಲೂಮಿನಾ ಮುಂತಾದ ದ್ರವಗಳು. ಡ್ರಮ್ ಸ್ಕ್ಯಾನಿಂಗ್ ಕಾಲದಿಂದ ಬಂದ ಪದ್ಧತಿ. ಕಲೆ ಬಿಡದೆ ಆರುತ್ತವೆ.

ಶುದ್ಧ ನಾಫ್ತಾ, ಅಂದರೆ ಲೈಟರ್ ಫ್ಲೂಯಿಡ್ ಜಾತಿಯದು. ಜೆಲಟಿನ್ನಿಗಾಗಲಿ ಬೇಸಿಗಾಗಲಿ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಬೆಂಕಿಯ ಕಡೆಯಿಂದ: ಕೋಣೆಯ ಉಷ್ಣತೆಗಿಂತ ಎಷ್ಟೋ ಕೆಳಗೇ ಇದರ ಆವಿ ಹೊತ್ತಿಕೊಳ್ಳಬಲ್ಲದು.

ವಾಸನೆರಹಿತ ಮಿನರಲ್ ಸ್ಪಿರಿಟ್ಸ್, ತೈಲವರ್ಣ ಚಿತ್ರಕಾರರು ಕುಂಚ ತೊಳೆಯಲು ಬಳಸುವಂಥದ್ದು. ನಿಧಾನ ಆರುತ್ತದೆ. ಇದು ಗುಣವೂ ಹೌದು, ದೋಷವೂ ಹೌದು. ದೀರ್ಘ ಸ್ಕ್ಯಾನಿಗೆ ಅಂಚು ಒಣಗುವುದಿಲ್ಲ, ಆದರೆ ಮುಗಿದ ಮೇಲೆ ಫಿಲ್ಮ್ ಗಂಟೆಗಟ್ಟಲೆ ನೇತುಬಿದ್ದಿರಬೇಕು. ಬೆಂಕಿಯ ಅಪಾಯ ನಾಫ್ತಾಕ್ಕಿಂತ ಕಡಿಮೆ.

ಶೇ. 99ರ ಐಸೊಪ್ರೊಪೈಲ್ ತುರ್ತಿಗೆ ಆಗುತ್ತದೆ. ಆದರೆ ಸ್ಕ್ಯಾನ್ ಮುಗಿಯುವ ಮುನ್ನವೇ ಅಂಚಿನಿಂದ ಆರತೊಡಗುತ್ತದೆ. ರೀಟಚಿಂಗ್ ಬಣ್ಣ, ಗುರುತಿನ ಶಾಯಿ ಇದ್ದರೆ ಅವನ್ನು ಕರಗಿಸಲೂಬಹುದು.

ಯಾವುದೇ ಇರಲಿ, ಬಳಸುವ ಮುಂಚೆ ಶುಭ್ರ ಗಾಜಿನ ಮೇಲೆ ಒಂದು ಹನಿ ಹಾಕಿ ಪೂರ್ತಿ ಆರಲು ಬಿಡಿ. ಓರೆಯಾಗಿ ಟಾರ್ಚ್ ಹಿಡಿದು ನೋಡಿ. ವೃತ್ತದ ಕಲೆ ಉಳಿದಿದ್ದರೆ ಆ ಬಾಟಲಿ ಫಿಲ್ಮಿಗೆ ಬೇಡ.

ನೈಟ್ರೈಲ್ ಕೈಗವಸು ಹಾಕಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ, ಹೀಟರ್, ಸಿಗರೇಟು ಇರಬಾರದು. ಒರೆಸಿದ ಬಟ್ಟೆಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ.

ಫೋಕಸ್‌ಪಟ್ಟಿ

ಎಲ್ಲರೂ ದ್ರವದ ಹಿಂದೆ ಬೀಳುತ್ತಾರೆ, ಎತ್ತರವನ್ನು ಮರೆಯುತ್ತಾರೆ. ಎತ್ತರ ಸರಿಯಿಲ್ಲದ ಒದ್ದೆ ಸ್ಕ್ಯಾನು ಎತ್ತರ ಸರಿಯಿರುವ ಒಣ ಸ್ಕ್ಯಾನಿಗಿಂತ ಕೀಳಾಗಿಯೇ ಬರುತ್ತದೆ. ಚೆಂದದ ಸಮ ಮಸುಕು, ಅಷ್ಟೇ. ಆದ್ದರಿಂದ ಒಂದು ತೊಟ್ಟು ದ್ರವ ಸುರಿಯುವ ಮೊದಲು ನಿಮ್ಮ ಯಂತ್ರದ ಫೋಕಸ್ ಎತ್ತರ ಕಂಡುಕೊಳ್ಳಿ. ಒಂದೇ ಮಾಡೆಲ್ಲಿನ ಎರಡು ಸ್ಕ್ಯಾನರುಗಳಲ್ಲೂ ಇದು ಬೇರೆಬೇರೆ ಇರಬಹುದು.

ವಿ700ರಲ್ಲಿ ಎರಡು ಲೆನ್ಸ್ ಇವೆ. ಎಪ್ಸನ್ ಸ್ಕ್ಯಾನ್ ಸಾಫ್ಟ್‌ವೇರಿನಲ್ಲಿ ಫಿಲ್ಮ್ ಹೋಲ್ಡರ್ ಆಯ್ಕೆ ಮಾಡಿದರೆ 6400 ಡಿಪಿಐ ಲೆನ್ಸ್, ಅದರ ಫೋಕಸ್ ಗಾಜಿಗಿಂತ ಸುಮಾರು 2.5ರಿಂದ 3.5 ಮಿ.ಮೀ. ಮೇಲೆ. ಫಿಲ್ಮ್ ಏರಿಯಾ ಗೈಡ್ ಆಯ್ಕೆ ಮಾಡಿದರೆ 4800 ಡಿಪಿಐ ಲೆನ್ಸ್, ಅದರ ಫೋಕಸ್ ಗಾಜಿನ ಮೇಲ್ಮೈಯಲ್ಲೇ. ಸಾಫ್ಟ್‌ವೇರಿನ ಆಯ್ಕೆ ಒಂದು, ಫಿಲ್ಮಿನ ಎತ್ತರ ಇನ್ನೊಂದು ಆದರೆ ಏನು ಮಾಡಿದರೂ ಚೂಪು ಬಾರದು. ಚೂಪೇ ಇಲ್ಲ ಎಂಬ ಗೋಳು ಕೇಳಿದಾಗ ಮೊದಲು ನೋಡಬೇಕಾದ್ದು ಇದು.

ಎತ್ತರ ಅಳೆಯುವ ಬಗೆ: 100 ಮಿ.ಮೀ. ಉದ್ದದ ಗಾಜಿನ ಪಟ್ಟಿಗೆ ಕೆಳಬದಿಯಲ್ಲಿ ಚೂರೂ ಬಾಗದಂತೆ ಬೇಡದ ನೆಗೆಟಿವ್ ಪಟ್ಟಿಯೊಂದನ್ನು ಅಂಟಿಸಿ. ಕಣ ಎದ್ದು ಕಾಣುವ ಕಪ್ಪು-ಬಿಳುಪು ಫಿಲ್ಮ್ ಇದಕ್ಕೆ ವಾಸಿ. ಪಟ್ಟಿಯ ಒಂದು ತುದಿ 1.5 ಮಿ.ಮೀ., ಇನ್ನೊಂದು ತುದಿ 4.5 ಮಿ.ಮೀ. ಎತ್ತರದಲ್ಲಿ ನಿಲ್ಲುವಂತೆ ಆಧಾರ ಕೊಡಿ. ಈಗ ಪ್ರತಿ 10 ಮಿ.ಮೀ. ಉದ್ದಕ್ಕೆ 0.3 ಮಿ.ಮೀ. ಏರಿಕೆ. ಶಾರ್ಪನಿಂಗ್ ಪೂರ್ತಿ ಆಫ್ ಮಾಡಿ 3200 ಡಿಪಿಐಗೆ ಒಂದೇ ಸ್ಕ್ಯಾನ್. ಕಣ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿಗೆ ತಗ್ಗಿನ ತುದಿಯಿಂದ ಅಳೆಯಿರಿ. 60 ಮಿ.ಮೀ. ಬಂದರೆ 1.5 + 1.8 = 3.3 ಮಿ.ಮೀ.

ಆಮೇಲೆ ಸಮತಟ್ಟಾಗಿ ಇಟ್ಟು ಆ ಎತ್ತರದ ಹಿಂದುಮುಂದಿನ ಎರಡು ಮೂರು ಎತ್ತರ ಪರೀಕ್ಷಿಸಿ. ಹೊಂದಿಸಲು ಸಾಮಾನ್ಯ 80 ಜಿಎಸ್‌ಎಂ ಕಾಗದದ ತುಂಡು ಸಾಕು, ಒಂದೊಂದು ಹಾಳೆ ಸುಮಾರು 0.1 ಮಿ.ಮೀ. ಗಾಜಿನ ನಾಲ್ಕೂ ಮೂಲೆಗೆ ಒಂದೇ ಸಂಖ್ಯೆಯ ತುಂಡುಗಳು. ಕೊನೆಗೆ ನೈಲಾನ್ ತಿರುಪೋ ಪ್ಲಾಸ್ಟಿಕ್ ಪಟ್ಟಿಯೋ ಹಾಕಿ ಕಾಯಂ ಮಾಡಿಕೊಳ್ಳಿ. ಕಾಗದ ದ್ರವ ಹೀರಿದರೆ ಲೆಕ್ಕ ತಪ್ಪುತ್ತದೆ.

ನೆಗೆಟಿವ್‌ಪೆಟ್ಟಿಗೆ

ಗಾಜಿನ ಮೇಲೆ ಫಿಲ್ಮ್ ಇಟ್ಟರೆ ಈ ಲೆಕ್ಕ ಬದಲಾಗುತ್ತದೆಯೇ?

ಫೋಕಸ್‌ಪಟ್ಟಿ

ಆಗುತ್ತದೆ. ಲೆನ್ಸ್ ಕೆಳಗಿನಿಂದ ನೋಡುತ್ತದೆ. ಫಿಲ್ಮ್ ಗಾಜಿನ ಮೇಲಿದ್ದರೆ ನೋಟ ಆ ಗಾಜಿನ ಮೂಲಕ ಹೋಗಬೇಕು, ಆಗ ಫೋಕಸ್ ಮೇಲಕ್ಕೆ ಸರಿಯುತ್ತದೆ. ಎಷ್ಟು ಅಂದರೆ, ದಪ್ಪವನ್ನು (1 − 1/1.52)ರಿಂದ ಗುಣಿಸಿ. 2 ಮಿ.ಮೀ. ಗಾಜಿಗೆ ಸುಮಾರು 0.68 ಮಿ.ಮೀ. ಗಾಳಿಯಲ್ಲಿ 3.3 ಬಂದಿದ್ದರೆ ಈಗ ಹೆಚ್ಚುಕಡಿಮೆ 4.0. ಜೊತೆಗೆ ಗಾಜಿನ ಎರಡು ಮುಖದ ಧೂಳು, ಗೀರು ಎಲ್ಲ ಲೆನ್ಸಿನ ದಾರಿಗೆ ಬರುತ್ತವೆ.

ಫಿಲ್ಮನ್ನು ಗಾಜಿನ ಕೆಳಮುಖಕ್ಕೆ ಅಂಟಿಸಿದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ಇರುವುದು ಮೈಲಾರ್ ಹಾಳೆ ಮಾತ್ರ. 0.1 ಮಿ.ಮೀ. ಮೈಲಾರ್ ತರುವ ವ್ಯತ್ಯಾಸ 0.04 ಮಿ.ಮೀ. ಒಳಗೇ, ಮರೆತುಬಿಡಿ. ಕೆಳಮುಖವೇ ಸರಿ.

ನಾಲ್ಕೈದಿಂಚು

ಹಚ್ಚುವ ಕ್ರಮ ನಾನು ಬರೆಯುತ್ತೇನೆ. 6x6 ಒಂದು ಫ್ರೇಮ್, ಅಥವಾ ಎರಡು ಮೂರು ಫ್ರೇಮಿನ ಪಟ್ಟಿ ಎಂದುಕೊಳ್ಳಿ.

ಬೇಕಾದ್ದು: 2 ಅಥವಾ 3 ಮಿ.ಮೀ. ದಪ್ಪದ, ಅಂಚು ಉಜ್ಜಿದ ತಿಳಿ ಗಾಜು, ಫಿಲ್ಮಿಗಿಂತ ಸುತ್ತ ಕನಿಷ್ಠ 30 ಮಿ.ಮೀ. ದೊಡ್ಡದು. 0.05ರಿಂದ 0.1 ಮಿ.ಮೀ. ದಪ್ಪದ, ಕಲೆಯಿಲ್ಲದ ಪಾಲಿಯೆಸ್ಟರ್ ಹಾಳೆ, ಅದೇ ಮೈಲಾರ್. ಫಿಲ್ಮಿಗಿಂತ ಸುತ್ತ 15 ಮಿ.ಮೀ. ದೊಡ್ಡದು. ಪಾಲಿಯೆಸ್ಟರ್ ಟೇಪು. ಗಾಜಿನ ಡ್ರಾಪರ್ ಅಥವಾ ಪಾಲಿಪ್ರೊಪಿಲೀನ್ ಪಿಪೆಟ್. ರಬ್ಬರ್ ತಲೆಯ ಸಿರಿಂಜ್ ಬೇಡ, ನಾಫ್ತಾದಲ್ಲಿ ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಎಳೆ ಬಿಡದ ಒರೆಸುವ ಹಾಳೆ, ಗಾಳಿ ಊದುವ ರಬ್ಬರ್ ಬಲ್ಬು, ಗುಳ್ಳೆ ನೋಡಲು ಲೈಟ್ ಟೇಬಲ್.

ಮುಖ್ಯವಾದ ಒಂದು ಮಾತು. ಸ್ಕ್ಯಾನರಿನ ಗಾಜಿನ ಮೇಲೆ ನೇರವಾಗಿ ಈ ಕೆಲಸ ಮಾಡಬೇಡಿ. ಗಾಜಿನ ಅಂಚಿನ ಸಂದಿಯಿಂದ ದ್ರವ ಒಳಗಿಳಿದು ಗಾಜಿನ ಒಳಮುಖದಲ್ಲಿ ಮಂಜು ಕಟ್ಟುತ್ತದೆ, ಅಂಟು ಸಡಿಲವಾಗುತ್ತದೆ. ಎಲ್ಲವೂ ಬೇರೆ ಮೇಜಿನ ಮೇಲೆ, ಬೇರೆ ಗಾಜಿನ ಮೇಲೆ. ಹೋಲ್ಡರ್ ಅಕ್ರಿಲಿಕ್ಕೋ ಪಾಲಿಸ್ಟೈರೀನೋ ಆಗಿದ್ದರೆ ಅದಕ್ಕೆ ದ್ರವ ತಾಗದಂತೆ ನೋಡಿಕೊಳ್ಳಿ, ಬಿರುಕು ಬಿಡಬಹುದು.

ಗಾಜನ್ನು ಅದೇ ದ್ರವದಿಂದ ಒರೆಸಿ. ಫಿಲ್ಮಿನ ಎರಡೂ ಬದಿ ಗಾಳಿ ಊದಿ. ಈಗ ಧೂಳು ಉಳಿದರೆ ಅದರ ಸುತ್ತ ಗುಳ್ಳೆ ಕಟ್ಟುವುದು ಖಂಡಿತ. ದ್ರವ ಧೂಳನ್ನು ಮುಚ್ಚುವುದಿಲ್ಲ, ಹಿಡಿದಿಡುತ್ತದೆ.

ಗಾಜಿನ ನಡುವೆ ಸುಮಾರು ಅರ್ಧ ಮಿ.ಲೀ. ದ್ರವವನ್ನು ಒಂದು ಗೆರೆಯಾಗಿ ಹಾಕಿ. ಫಿಲ್ಮಿನ ಒಂದು ಅಂಚನ್ನು ಮೊದಲು ತಾಗಿಸಿ, ಉಳಿದುದನ್ನು ನಿಧಾನವಾಗಿ ಇಳಿಸುತ್ತ ಹೋಗಿ. ದ್ರವ ಫಿಲ್ಮಿನ ಮುಂದೆ ಅಲೆಯಾಗಿ ಸಾಗಬೇಕು. ಥಟ್ಟನೆ ಮಲಗಿಸಿದರೆ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಮತ್ತೆ ಅರ್ಧ ಮಿ.ಲೀ. ಫಿಲ್ಮಿನ ಮೇಲೆ, ಅದರ ಮೇಲೆ ಮೈಲಾರ್, ಅದೇ ರೀತಿ ಒಂದು ಅಂಚಿನಿಂದ. 4x5 ಇಂಚಿನ ಶೀಟ್ ಫಿಲ್ಮಿಗೆ ಪ್ರತಿ ಬದಿಗೆ 1ರಿಂದ 2 ಮಿ.ಲೀ. ಬೇಕಾಗುತ್ತದೆ.

ಒರೆಸುವ ಹಾಳೆಯನ್ನು ಮಡಚಿ, ಮೈಲಾರಿನ ಮೇಲೆ ನಡುವಿನಿಂದ ಅಂಚಿಗೆ ಮೆಲ್ಲಗೆ ಎಳೆಯಿರಿ. ಭಾರ ಹಾಕಬೇಡಿ. ಲೈಟ್ ಟೇಬಲ್ ಮೇಲೆ ನೋಡಿ, ಗುಳ್ಳೆ ಇದ್ದಲ್ಲಿಂದ ಹತ್ತಿರದ ಅಂಚಿಗೆ ತಳ್ಳಿ. ಹೊರಬಂದ ದ್ರವವನ್ನೆಲ್ಲ ಒರೆಸಿ ಗಾಜಿನ ಆ ಭಾಗ ಪೂರ್ತಿ ಒಣಗಿದ ಮೇಲೆ ಟೇಪು ಹಚ್ಚಿ, ಒದ್ದೆ ಗಾಜಿಗೆ ಟೇಪು ಹಿಡಿಯುವುದಿಲ್ಲ. ಮೊದಲು ಎದುರುಬದುರಿನ ಎರಡು ಅಂಚು, ಮೈಲಾರನ್ನು ಸ್ವಲ್ಪ ಬಿಗಿ ಎಳೆದು, ಆಮೇಲೆ ಉಳಿದೆರಡು. ಸಾಮಾನ್ಯ ಸೆಲ್ಲೋಟೇಪಿನ ಅಂಟು ಈ ದ್ರವದಲ್ಲಿ ಕರಗಿ ಫಿಲ್ಮಿನ ಕಡೆಗೇ ಹರಿದು ಬರುತ್ತದೆ. ಟೇಪಿನ ವಿಷಯದಲ್ಲಿ ಉಳಿತಾಯ ಬೇಡ.

ಗಾಜನ್ನು ಮಗುಚಿ, ಮೈಲಾರ್ ಕೆಳಗೆ ಬರುವಂತೆ, ಅಳೆದ ಎತ್ತರದ ಆಧಾರಗಳ ಮೇಲೆ ಇಡಿ. ಆಧಾರದ ಎತ್ತರ ಲೆಕ್ಕ ಹಾಕುವಾಗ ಅದು ಟೇಪಿನ ಮೇಲೆ ಕೂರದಂತೆ ನೋಡಿ, ಇಲ್ಲದಿದ್ದರೆ ಒಂದು ಬದಿ ಎದ್ದು ಓರೆಯಾಗುತ್ತದೆ.

ಒಣಗಾಜು

ಕ್ಯಾಲಿಬ್ರೇಷನ್ ಕಿಂಡಿಯ ಮಾತು ಬಿಟ್ಟುಹೋಯಿತು. ಹೋಲ್ಡರಿನ ಒಂದು ತುದಿಯಲ್ಲಿ ಖಾಲಿ ಕಿಂಡಿ ಇರುತ್ತದಲ್ಲ, ಪ್ರತಿ ಸ್ಕ್ಯಾನಿನ ಮೊದಲು ಯಂತ್ರ ಅಲ್ಲಿ ಬರಿಯ ಬೆಳಕು ನೋಡಿ ಹೊಂದಿಸಿಕೊಳ್ಳುತ್ತದೆ. ನಿಮ್ಮ ಗಾಜಿನ ಅಂಚು, ಟೇಪು, ಒಂದು ಹನಿ ದ್ರವ, ಏನೇ ಅಲ್ಲಿ ಬಂದರೂ ಚಿತ್ರದ ಉದ್ದಕ್ಕೂ ಬಣ್ಣದ ನೇರ ಗೆರೆ ಬೀಳುತ್ತದೆ. ಗಾಜು ಕತ್ತರಿಸುವಾಗಲೇ ಆ ಜಾಗ ಬಿಟ್ಟು ಅಳತೆ ಕೊಡಿ.

ಒದ್ದೆ ಕೆಲಸ ನನಗೆ ಹಿಡಿಸದಿದ್ದರೂ ಇಷ್ಟು ಸಹಾಯ ಮಾಡಬಲ್ಲೆ :)

ನೆಗೆಟಿವ್‌ಪೆಟ್ಟಿಗೆ

ಧನ್ಯವಾದ. ಎಮಲ್ಷನ್ ಗಾಜಿನ ಕಡೆಗೋ ಮೈಲಾರ್ ಕಡೆಗೋ?

ನಾಲ್ಕೈದಿಂಚು

ನನ್ನ ಮತ ಬೇಸ್ ಗಾಜಿಗೆ, ಎಮಲ್ಷನ್ ಮೈಲಾರಿಗೆ. ಫಿಲ್ಮ್ ಸಾಮಾನ್ಯವಾಗಿ ಎಮಲ್ಷನ್ ಒಳಗಾಗಿ ಸುರುಳಿಕೊಳ್ಳುತ್ತದೆ. ಎಮಲ್ಷನ್ನನ್ನು ಗಾಜಿಗೆ ತಿರುಗಿಸಿದರೆ ನಡುಭಾಗ ಗುಮ್ಮಟದಂತೆ ಏಳುತ್ತದೆ, ಗುಳ್ಳೆ ಹೋಗಿ ಕೂರುವುದು ಅಲ್ಲೇ. ಬೇಸ್ ಗಾಜಿಗಿದ್ದರೆ ಏಳುವುದು ಅಂಚು. ಬಿಗಿಯಾದ ಮೈಲಾರ್ ಅದನ್ನು ಕೆಳಗೆ ಹಿಡಿಯುತ್ತದೆ. ಹೀಗಿಟ್ಟಾಗ ಸ್ಕ್ಯಾನರ್ ಎಮಲ್ಷನ್ ಬದಿಯಿಂದ ನೋಡುವುದರಿಂದ ಚಿತ್ರ ಎಡಬಲ ತಿರುಗಿ ಬರುತ್ತದೆ. ಸಾಫ್ಟ್‌ವೇರಿನಲ್ಲಿ ಅಡ್ಡಕ್ಕೆ ಫ್ಲಿಪ್ ಮಾಡಿ. ಚಿತ್ರದಲ್ಲಿ ಬರಹ ಇಲ್ಲದಿದ್ದರೆ ಇದು ಸುಲಭವಾಗಿ ಕಣ್ತಪ್ಪಿ ಹೋಗುತ್ತದೆ, ಫೈಲಿನ ಹೆಸರಿನಲ್ಲೇ ಗುರುತು ಹಾಕಿಡಿ.

ಬೆಳ್ಳಿಕಣ

ಶೀಟ್ ಫಿಲ್ಮ್ ಮಾಡುವವರಿಗೆ ಒಂದು ಸೇರ್ಪಡೆ. ಹೆಚ್ಚಿನ ಶೀಟ್ ಫಿಲ್ಮಿನ ಬೇಸ್ ಪಾಲಿಯೆಸ್ಟರ್, ವಕ್ರೀಭವನಾಂಕ 1.6ರ ಮೇಲೆ. ನಾಫ್ತಾದ ಜೊತೆ ಹೊಂದಾಣಿಕೆ ಅಸಿಟೇಟಿನಷ್ಟು ಒಳ್ಳೆಯದಿರದು, ಗಡಿಯಲ್ಲಿ ಶೇ. 0.5ರಷ್ಟು ಪ್ರತಿಫಲನ ಉಳಿಯುತ್ತದೆ. ಆಳದ ಗೀರಿನ ನೆರಳು ತೆಳುವಾಗಿ ಕಂಡರೆ ದ್ರವವನ್ನು ದೂರಬೇಡಿ. ಗಾಳಿಯ ಜೊತೆ ಹೋಲಿಸಿದರೆ ಅದೂ ಹತ್ತನೇ ಒಂದು ಪಾಲು.

ಅತಿಗೆಂಪು

ಬಣ್ಣದ ಫಿಲ್ಮಿಗೆ ಡಿಜಿಟಲ್ ಐಸ್ ಇರುವಾಗ ಇಷ್ಟೆಲ್ಲ ಯಾಕೆ?

ಜೆಲಟಿನ್

ಐಸ್ ಅತಿಗೆಂಪು ಬೆಳಕಿನಲ್ಲಿ ಧೂಳು, ಗೀರಿನ ನಕ್ಷೆ ಮಾಡಿ ಆ ಜಾಗವನ್ನು ಸುತ್ತಲಿನ ಪಿಕ್ಸೆಲ್‌ಗಳಿಂದ ತುಂಬುತ್ತದೆ. ಅಂದರೆ ಅಲ್ಲಿರುವುದು ಊಹೆ. ದ್ರವ ಮಾಡುವುದು ಆ ಜಾಗದ ನಿಜವಾದ ವಿವರ ಕಾಣಿಸುವುದು. ಇನ್ನು ಮೂಲಪೋಸ್ಟಿನ ಕಪ್ಪು-ಬಿಳುಪಿಗೆ ಐಸ್ ಆಗುವುದೇ ಇಲ್ಲ, ಬೆಳ್ಳಿ ಅತಿಗೆಂಪನ್ನು ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ತಿಳಿಯುತ್ತದೆ. ಬಣ್ಣದ ನೆಗೆಟಿವಿನ ಸಿ-41 ರಾಸಾಯನಿಕ ಕ್ರಮದಲ್ಲಿ ತೊಳೆಯುವ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಉಳಿಯುವುದು ಡೈ ಮಾತ್ರ, ಅದಕ್ಕೆ ಆಗುತ್ತದೆ. ಕೊಡಾಕ್ರೋಮ್ ಸ್ಲೈಡ್ ಫಿಲ್ಮಿಗೂ ಐಸ್ ನೆಚ್ಚಿಕೊಳ್ಳುವಂತಿಲ್ಲ.

ಬಣ್ಣದ ನೆಗೆಟಿವನ್ನು ಒದ್ದೆಯಾಗಿಯೇ ಸ್ಕ್ಯಾನ್ ಮಾಡುವಾಗ ಐಸ್ ಆನ್ ಮಾಡಬಹುದು, ಮೈಲಾರ್ ಅಡ್ಡ ಬರುವುದಿಲ್ಲ. ಆದರೆ ಸಮಯ ಹೆಚ್ಚುತ್ತದೆ, ಅಷ್ಟರಲ್ಲಿ ಅಂಚು ಒಣಗತೊಡಗಿರುತ್ತದೆ. ನಾನಾದರೆ ಆಫ್ ಮಾಡಿ ಉಳಿದ ನಾಲ್ಕಾರು ಚುಕ್ಕೆಗಳನ್ನು ಕೈಯಿಂದ ತೆಗೆಯುವವನು.

ಫೋಕಸ್‌ಪಟ್ಟಿ

ಸ್ಕ್ಯಾನ್ ಸೆಟ್ಟಿಂಗ್ ಬಗ್ಗೆಯೂ ಹೇಳಿಬಿಡೋಣ. 6400ಕ್ಕೆ ಸ್ಕ್ಯಾನ್ ಮಾಡಿದರೆ 56 ಮಿ.ಮೀ. ಚದರದ ಫ್ರೇಮು 14,000 ಪಿಕ್ಸೆಲ್ ಬದಿಯದಾಗುತ್ತದೆ, 48 ಬಿಟ್ ಬಣ್ಣದಲ್ಲಿ ಸುಮಾರು 1.2 ಜಿಬಿ. 3200ಕ್ಕೆ 7,000 ಪಿಕ್ಸೆಲ್, 300 ಎಂಬಿ. ಲೆನ್ಸ್ ಕೊಡುವುದು 2300ರಷ್ಟೇ ಆದ್ದರಿಂದ 3200 ಸಾಕು. ಆಮೇಲೆ 2400ಕ್ಕೆ ಇಳಿಸಿ, ಇಳಿಸಿದ ಮೇಲೆ ಶಾರ್ಪನ್ ಮಾಡಿ. 2300 ಅಂದರೂ ಆ ಫ್ರೇಮಿನಿಂದ 5,000 ಪಿಕ್ಸೆಲ್ ನಿಜವಾದ ವಿವರ, 300 ಡಿಪಿಐ ಪ್ರಿಂಟಿನಲ್ಲಿ ಸುಮಾರು 43 ಸೆಂ.ಮೀ. ಬದಿ.

35 ಮಿ.ಮೀ. ಫಿಲ್ಮಿಗೆ ಮಾತ್ರ ಈ ಪಾಡು ಬೇಡ. 36 ಮಿ.ಮೀ.ಗೆ 3,200 ಪಿಕ್ಸೆಲ್ ಸಿಕ್ಕೀತು. ಮೀಸಲಾದ ಫಿಲ್ಮ್ ಸ್ಕ್ಯಾನರ್, ಇಲ್ಲವೇ ಮ್ಯಾಕ್ರೋ ಲೆನ್ಸಿನ ಕ್ಯಾಮೆರಾ, ಎರಡೂ ಅದಕ್ಕಿಂತ ಮೇಲು.

ಎಕ್ಸ್‌ಪೋಷರ್ ಮತ್ತು ಫಿಲ್ಮ್ ಬೇಸ್ ಬಣ್ಣ ಲಾಕ್ ಮಾಡುವ ಅಭ್ಯಾಸವಿದ್ದರೆ, ಒಣ ಫಿಲ್ಮಿನ ಲಾಕನ್ನು ಒದ್ದೆಗೆ ಬಳಸಬೇಡಿ. ಫ್ರೇಮಿನ ಪಕ್ಕದ ಖಾಲಿ ಜಾಗದ ಮೇಲೂ ದ್ರವ, ಮೈಲಾರ್ ಇರುವಂತೆ ನೋಡಿ ಅಲ್ಲಿಂದ ಹೊಸದಾಗಿ ತೆಗೆದುಕೊಳ್ಳಿ.

ನೆಗೆಟಿವ್‌ಪೆಟ್ಟಿಗೆ

ನಾಫ್ತಾ ಹಾಕಿ, ಎತ್ತರ 3.2ಕ್ಕೆ ನಿಲ್ಲಿಸಿ ಶುರುಮಾಡಿದ್ದೇನೆ. ಬೆನ್ನಿನ ಗೀರುಗಳು ಕಾಣುತ್ತಿಲ್ಲ, ಮೂಲೆಯಿಂದ ಮೂಲೆಗೆ ಕಣ ಒಂದೇ ಸಮ. ಆದರೆ ಎರಡು ತೊಂದರೆ. ಒಂದು ಅಂಚಿನಿಂದ ಜರೀಗಿಡದ ಎಲೆಯ ಹಾಗೆ ಕವಲೊಡೆದ ಗುರುತು ಒಳಗೆ ಬರುತ್ತದೆ, ಪ್ರಿವ್ಯೂನಲ್ಲಿ ಇರುವುದಿಲ್ಲ. ಒಂದೇ ಫ್ರೇಮನ್ನು ಎರಡು ಓಟದಲ್ಲಿ ಓದಿ ಬೆರೆಸುವ ಮಲ್ಟಿ-ಎಕ್ಸ್‌ಪೋಷರ್ ಹಾಕಿದರೆ ಗೆರೆಗಳೆಲ್ಲ ಜೋಡಿಯಾಗಿ ಕಾಣುತ್ತವೆ.

ನಾಲ್ಕೈದಿಂಚು

ಕವಲು ಗುರುತು ಒಣಗುವಿಕೆ. ಅಂಚಿನ ದ್ರವ ಆರಿದಂತೆ ಗಾಳಿ ಒಳನುಗ್ಗುತ್ತದೆ, ತೆಳು ಪದರದಲ್ಲಿ ಅದು ಹಾಗೇ ಕವಲೊಡೆಯುವುದು. ಮೈಲಾರ್ ಫಿಲ್ಮಿಗಿಂತ ಸಾಕಷ್ಟು ದೊಡ್ಡದಿಲ್ಲ, ಅಥವಾ ಆ ಅಂಚಿನ ಟೇಪು ಪೂರ್ತಿ ಮುಚ್ಚಿಲ್ಲ. ನಾಲ್ಕೂ ಬದಿ ಸಂದಿಯಿಲ್ಲದೆ ಟೇಪು ಹಾಕಿ. ಒತ್ತಿ ಒತ್ತಿ ದ್ರವವನ್ನೆಲ್ಲ ಹೊರಹಾಕಿದ್ದರೂ ಇದೇ ಆಗುತ್ತದೆ. ಗುಳ್ಳೆ ಹೋದ ಕೂಡಲೇ ಕೈ ನಿಲ್ಲಿಸಬೇಕು. ವಿ700ರದ್ದು ಕೋಲ್ಡ್ ಕ್ಯಾಥೋಡ್ ದೀಪ, ಬಿಸಿಯಾಗುತ್ತದೆ, ಅದೂ ಆರಿಸುತ್ತದೆ. ಎಲ್‌ಇಡಿ ಇರುವ ವಿ800, ವಿ850ರಲ್ಲಿ ಇಷ್ಟು ಕಾಟವಿಲ್ಲ. ದೀಪ ಮೊದಲೇ ಬೆಚ್ಚಗಾಗಿರಲಿ, ಕ್ರಾಪ್ ಅಳತೆ ಒಣ ಫಿಲ್ಮಿನಲ್ಲೇ ಗುರುತಿಸಿಟ್ಟುಕೊಂಡಿರಿ, ಗಾಜು ಇಟ್ಟ ಕೂಡಲೇ ಪೂರ್ಣ ಸ್ಕ್ಯಾನ್. ಅದಕ್ಕೂ ಬಗ್ಗದಿದ್ದರೆ ಮಿನರಲ್ ಸ್ಪಿರಿಟ್ಸ್.

ಫೋಕಸ್‌ಪಟ್ಟಿ

ಜೋಡಿ ಗೆರೆಗೆ ಕಾರಣ ಫಿಲ್ಮ್ ಜಾರುತ್ತಿರುವುದು. ಮೊದಲ ಓಟಕ್ಕೂ ಎರಡನೆಯದಕ್ಕೂ ನಡುವೆ ಫಿಲ್ಮ್ ದ್ರವದ ಮೇಲೆ ಕೂದಲೆಳೆಯಷ್ಟು ಸರಿದರೂ ಸಾಕು. ದ್ರವ ಹೆಚ್ಚಾದರೆ ಹೀಗೆ. ಫಿಲ್ಮಿನ ಚಿತ್ರವಿಲ್ಲದ ತುದಿಯನ್ನು ಸಣ್ಣ ಟೇಪಿನಿಂದ ಗಾಜಿಗೆ ಮೊದಲೇ ಹಿಡಿಸಿ. ಆ ಟೇಪೇ ಕೀಲಾಗಿ, ಫಿಲ್ಮ್ ಒಂದು ಅಂಚಿನಿಂದ ಇಳಿಸುವುದಕ್ಕೂ ಅನುಕೂಲ. ಕಪ್ಪು-ಬಿಳುಪು ನೆಗೆಟಿವಿನ ಸಾಂದ್ರತೆಗೆ ಮಲ್ಟಿ-ಎಕ್ಸ್‌ಪೋಷರ್ ಬೇಕಾಗುವುದೇ ಅಪರೂಪ. ಅದು ಗಾಢವಾದ ಸ್ಲೈಡಿಗೆ ಇರಲಿ.

ಅತಿಗೆಂಪು

ಹಳೆಯ ಕುಟುಂಬದ ನೆಗೆಟಿವ್‌ಗಳಿಗೂ ಇದೇ ಕ್ರಮ ಸಾಕೇ?

ಜೆಲಟಿನ್

ತಡೆಯಿರಿ. ಅಂಚಿನಲ್ಲಿ ಸೇಫ್ಟಿ ಎಂಬ ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ, ಮತ್ತು ಫಿಲ್ಮ್ 1950ರ ದಶಕಕ್ಕಿಂತ ಹಿಂದಿನದಾದರೆ, ನೈಟ್ರೇಟ್ ಬೇಸ್ ಇರಬಹುದು. ಅದು ತಾನೇ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಉರಿಯುವ ದ್ರಾವಕ, ಬಿಸಿ ದೀಪದ ಹತ್ತಿರ ಬೇಡವೇ ಬೇಡ. ವಿನೆಗರ್ ವಾಸನೆ ಬರುತ್ತಿದ್ದರೆ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಬೇಸ್ ಕುಗ್ಗಿ ಎಮಲ್ಷನ್ ಸುಕ್ಕುಗಟ್ಟಿದ್ದರೆ, ಚಪ್ಪಟೆ ಮಾಡಲು ಒತ್ತಿದಾಗ ಆ ಸುಕ್ಕುಗಳು ಸೀಳುತ್ತವೆ. ವಾರ್ನಿಷ್ ಹಚ್ಚಿದ, ಪೆನ್ಸಿಲ್ಲಿನಿಂದ ತಿದ್ದಿದ ಸ್ಟುಡಿಯೋ ನೆಗೆಟಿವ್‌ಗಳಲ್ಲಿ ದ್ರಾವಕ ಆ ಕೆಲಸವನ್ನೇ ಅಳಿಸಬಹುದು. ಗಾಜಿನ ಪ್ಲೇಟು ಹೇಗೂ ಚಪ್ಪಟೆಯೇ, ಅದಕ್ಕೆ ದ್ರವದ ಅಗತ್ಯವಿಲ್ಲ. ಇವೆಲ್ಲ ಒಣದಾಗಿಯೇ ಇರಲಿ.

ಒಣಗಾಜು

ಕೊನೆಗೂ ಒಬ್ಬರು ನನ್ನ ಕಡೆ.

ನೆಗೆಟಿವ್‌ಪೆಟ್ಟಿಗೆ

ಅಂಚು ಪೂರ್ತಿ ಮುಚ್ಚಿದ ಮೇಲೆ ಕವಲು ನಿಂತಿದೆ. ಬಿಚ್ಚುವುದು, ಒಣಗಿಸುವುದು ಹೇಗೆ? ಮೈಲಾರ್ ಮತ್ತೆ ಬಳಸಬಹುದೇ?

ನಾಲ್ಕೈದಿಂಚು

ಟೇಪು ತೆಗೆದು, ಮೈಲಾರನ್ನು ಒಂದು ಮೂಲೆಯಿಂದ ಹಿಂದಕ್ಕೆ ಮಡಚಿದಂತೆ ಎಳೆಯಿರಿ, ನೇರ ಮೇಲಕ್ಕಲ್ಲ. ಫಿಲ್ಮ್ ಗಾಜಿಗೆ ಕಚ್ಚಿಕೊಂಡಿದ್ದರೆ ಅಂಚಿಗೆ ಎರಡು ಹನಿ ಹೊಸ ದ್ರವ ಬಿಟ್ಟು ಸ್ವಲ್ಪ ಕಾಯಿರಿ, ತಾನೇ ತೇಲುತ್ತದೆ. ಉಗುರು, ಚಾಕು ಹಾಕಬೇಡಿ. ಹೊಸ ದ್ರವದಲ್ಲಿ ನೆನೆಸಿದ ಎಳೆ ಬಿಡದ ಹಾಳೆಯಿಂದ ಎರಡೂ ಬದಿ ಒಂದೇ ದಿಕ್ಕಿಗೆ ಒಂದು ಸಲ ಒರೆಸಿ ಧೂಳಿಲ್ಲದ ಕಡೆ ತೂಗುಹಾಕಿ. ನಾಫ್ತಾ ಆದರೆ 15 ನಿಮಿಷ ಸಾಕು. ವಾಸನೆ ಪೂರ್ತಿ ಹೋಗುವ ಮುನ್ನ ಸ್ಲೀವಿಗೆ ತೂರಿಸಬೇಡಿ, ಒಳಗೆ ಸಿಕ್ಕ ಆವಿ ಪ್ಲಾಸ್ಟಿಕ್ಕನ್ನು ಫಿಲ್ಮಿಗೆ ಅಂಟಿಸುತ್ತದೆ. ಒಣಗಿದ ಮೇಲೆ ಮಬ್ಬು ಕಲೆ ಕಂಡರೆ ಅದು ಗಾಜಿನ ಮೇಲಿದ್ದ ಕೊಳೆ ದ್ರವದೊಡನೆ ಬಂದದ್ದು. ಇನ್ನೊಮ್ಮೆ ಒರೆಸಿದರೆ ಹೋಗುತ್ತದೆ.

ಮೈಲಾರನ್ನು ನಾಫ್ತಾದಲ್ಲಿ ಒರೆಸಿ ಮತ್ತೆ ಬಳಸಬಹುದು, ಆದರೆ ಅದರ ಹೊರಮುಖಕ್ಕೆ ದ್ರವದ ರಕ್ಷಣೆ ಇಲ್ಲ ನೋಡಿ. ಅಲ್ಲಿ ಬಿದ್ದ ಗೀರು ಸ್ಕ್ಯಾನಿನಲ್ಲಿ ಮೂಡುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದಾಗ ಗೆರೆ ಕಂಡ ಹಾಳೆಯನ್ನು ಚಿಕ್ಕ ಫ್ರೇಮುಗಳಿಗೆ ಕತ್ತರಿಸಿಕೊಳ್ಳಿ ಅಥವಾ ಎಸೆಯಿರಿ. ಹೊಸ ಹಾಳೆಯಾದರೆ ರಕ್ಷಣಾ ಪದರವನ್ನು ಹಚ್ಚುವ ಕ್ಷಣದಲ್ಲೇ ಬಿಡಿಸಿ. ಬಿಡಿಸಿದ ಕೂಡಲೇ ಅದಕ್ಕೆ ವಿದ್ಯುದಾವೇಶ ಬಂದು ಸುತ್ತಲಿನ ಧೂಳನ್ನೆಲ್ಲ ಎಳೆಯುತ್ತದೆ, ಆದ್ದರಿಂದ ದ್ರವ ಅಷ್ಟರಲ್ಲಾಗಲೇ ಫಿಲ್ಮಿನ ಮೇಲೆ ಸಿದ್ಧವಿರಬೇಕು.